ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿಹುಣ್ಣು: ಮುನ್ನೆಚ್ಚರಿಕೆ ಮತ್ತು ಆರೈಕೆ

“ಕರೆಂಟು ಕೊಟ್ಟೂ ಕೊಟ್ಟೂ ಅಮ್ಮನ ಬಾಯೆಲ್ಲ ಬೆಂದುಹೋಗಿದೆ ಡಾಕ್ಟ್ರೇ. ಇಷ್ಟಕ್ಕೇ ಸಾಕು ಮಾಡೋಣ ಅಂತ ಮನೆಯವರೆಲ್ಲ ಮಾತಾಡಿಕೊಂಡಿದೀವಿ.”

ಕನಕಪುರದ ಕಡೆಯ ಹಳ್ಳಿಯೊಂದರಿಂದ ತಾಯಿಯನ್ನು ಕರೆತಂದಿದ್ದ ಮಗ ಹೀಗೆ ಹೇಳುತ್ತಿದ್ದಾಗ, ಆ ತಾಯಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನೆಲವನ್ನೇ ನೋಡುತ್ತ ಕುಳಿತಿದ್ದರು. ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಆಮೇಲೆ ಮೂವತ್ತು ದಿನಗಳ ವಿಕಿರಣ ಚಿಕಿತ್ಸೆ ನಿಗದಿಯಾಗಿತ್ತು. ಹದಿನೆಂಟು ದಿನ ಮುಗಿದಿತ್ತು. ನಾಲ್ಕು ದಿನದಿಂದ ಹೋಗಿರಲಿಲ್ಲ. ಬಾಯಿ ತೆರೆಸಿ ನೋಡಿದೆ. ನಾಲಿಗೆಯ ಅಂಚು, ಕೆನ್ನೆಯ ಒಳಬದಿ, ಅಂಗುಳು ಎಲ್ಲವೂ ಚರ್ಮ ಸುಲಿದಂತೆ ಕೆಂಪಾಗಿದ್ದವು, ಅಲ್ಲಲ್ಲಿ ಹಳದಿ ಮಿಶ್ರಿತ ಬಿಳಿಯ ಪೊರೆ ಕಟ್ಟಿತ್ತು. ಮೂರು ದಿನದಿಂದ ಹಾಲು ಬಿಟ್ಟರೆ ಬೇರೇನೂ ಇಳಿದಿರಲಿಲ್ಲ.

“ಆಸ್ಪತ್ರೆಯಲ್ಲಿ ಇದನ್ನು ಹೇಳಿದಿರಾ?” ಎಂದು ಕೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದರು. ಮಗ ಉತ್ತರಿಸಿದ: “ಕ್ಯಾನ್ಸರ್ ಅಂದಮೇಲೆ ನೋವು ಇದ್ದದ್ದೇ ಅಲ್ವೇ ಅಂತ ಅಮ್ಮ ಸುಮ್ಮನಿದ್ದುಬಿಟ್ಟರು.”

ಈ ಲೇಖನಕ್ಕೆ ಕಾರಣವಾದುದು ಆ ಒಂದು ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರನ್ನು ನಾನು ಕಂಡಿರುವಷ್ಟರಲ್ಲಿ, ಬಾಯಿಹುಣ್ಣನ್ನು ಅವರು ರೋಗದ ಒಂದು ಭಾಗವೆಂದೋ, ಚಿಕಿತ್ಸೆ ತಮ್ಮ ದೇಹಕ್ಕೆ ಒಗ್ಗಲಿಲ್ಲವೆಂಬುದರ ಗುರುತೆಂದೋ ತಿಳಿದು ಮೌನವಾಗಿ ಸಹಿಸುತ್ತಾರೆ. ಸಹನೆ ಮೀರಿದ ದಿನ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಎರಡೂ ತಪ್ಪು. ಈ ಹುಣ್ಣು ಯಾವಾಗ ಬರುತ್ತದೆ, ಯಾವಾಗ ಹೆಚ್ಚುತ್ತದೆ, ಯಾವಾಗ ಮಾಯುತ್ತದೆ ಎಂಬುದನ್ನು ವೈದ್ಯರು ಬಹುಮಟ್ಟಿಗೆ ಮೊದಲೇ ಹೇಳಬಲ್ಲರು. ಹಾಗೆ ಮುಂದಾಗಿ ತಿಳಿದಿರುವ ತೊಂದರೆಗೆ ಮುಂದಾಗಿಯೇ ಸಿದ್ಧತೆ ಮಾಡಿಕೊಳ್ಳಲು ಸಾಧ್ಯವಿದೆ.

ಮೊದಲಿಗೆ ‘ಕರೆಂಟು’ ಎಂಬ ಮಾತಿನ ಬಗ್ಗೆ ಒಂದಿಷ್ಟು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟಿರುವ ಹೆಸರು ಇದು. ಆದರೆ ಈ ಚಿಕಿತ್ಸೆಯಲ್ಲಿ ದೇಹದೊಳಗೆ ವಿದ್ಯುತ್ತು ಹರಿಯುವುದಿಲ್ಲ. ಎಕ್ಸ್-ರೇ ತೆಗೆಯುವಾಗ ಬಳಸುವಂಥ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ಶಕ್ತಿಯುತವಾದ ಕಿರಣಗಳನ್ನು ರೋಗವಿರುವ ಜಾಗಕ್ಕೆ ಗುರಿಯಿಟ್ಟು ಹಾಯಿಸಲಾಗುತ್ತದೆ. ಆ ಹೊತ್ತಿನಲ್ಲಿ ರೋಗಿಗೆ ಬಿಸಿಯಾಗಲಿ ನೋವಾಗಲಿ ತಿಳಿಯುವುದಿಲ್ಲ. ‘ಕರೆಂಟು’ ಎಂದೊಡನೆ ಸುಡುವ ಚಿತ್ರ ಮನಸ್ಸಿಗೆ ಬರುತ್ತದೆ. ಬಾಯಿ ಹುಣ್ಣಾದೊಡನೆ ‘ಸುಟ್ಟಿತು, ಇನ್ನು ಕೊಟ್ಟರೆ ಪೂರ್ತಿ ಸುಡುತ್ತದೆ’ ಎಂಬ ಭಯ ಹುಟ್ಟುತ್ತದೆ. ನಿಜವಾಗಿ ನಡೆಯುವುದು ಬೇರೆ.

ನಮ್ಮ ಬಾಯಿಯ ಒಳಪೊರೆ ದೇಹದಲ್ಲಿ ಅತಿ ವೇಗವಾಗಿ ಹೊಸದಾಗುವ ಅಂಗಾಂಶಗಳಲ್ಲಿ ಒಂದು. ಹಳೆಯ ಜೀವಕೋಶಗಳು ಉದುರಿ ಕೆಳಗಿನಿಂದ ಹೊಸವು ಮೇಲೆ ಬರುವ ಕಾರ್ಯ ಒಂದೆರಡು ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಬಿಸಿ ಕಾಫಿಯಿಂದ ಸುಟ್ಟ ನಾಲಿಗೆ ಬೇಗನೆ ಸರಿಹೋಗುವುದು ಈ ಗುಣದಿಂದಲೇ. ಕ್ಯಾನ್ಸರ್ ಔಷಧಗಳೂ ವಿಕಿರಣವೂ ವೇಗವಾಗಿ ಒಡೆದು ಬೆಳೆಯುವ ಕೋಶಗಳನ್ನು ಹೆಚ್ಚಾಗಿ ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ಬಾಯಿಯ ಒಳಪೊರೆಯ ತಾಯಿಕೋಶಗಳಿಗೂ ಪೆಟ್ಟು ಬೀಳುತ್ತದೆ. ಮೇಲಿನವು ಎಂದಿನಂತೆ ಉದುರುತ್ತವೆ, ಕೆಳಗಿನಿಂದ ಹೊಸವು ಬರುವುದು ತಡವಾಗುತ್ತದೆ. ಪೊರೆ ತೆಳುವಾಗಿ ಕೊನೆಗೆ ಹರಿದು ಹುಣ್ಣಾಗುತ್ತದೆ. ಆದ್ದರಿಂದಲೇ ಹುಣ್ಣು ಚಿಕಿತ್ಸೆಯ ಮೊದಲ ದಿನ ಬರುವುದಿಲ್ಲ, ಚಿಕಿತ್ಸೆ ಮುಗಿದ ಮಾರನೆಯ ದಿನ ಹೋಗುವುದೂ ಇಲ್ಲ.

ಕೀಮೋಥೆರಪಿ ಪಡೆಯುವವರಲ್ಲಿ ಔಷಧ ಕೊಟ್ಟ ಐದರಿಂದ ಹತ್ತು ದಿನಗಳೊಳಗೆ ಬಾಯಿ ಉರಿಯತೊಡಗುತ್ತದೆ. ಎರಡನೆಯ ವಾರದ ಹೊತ್ತಿಗೆ ಹೆಚ್ಚಿ, ಮೂರನೆಯ ವಾರದ ಕೊನೆಗೆ ಸಾಮಾನ್ಯವಾಗಿ ಮಾಯುತ್ತದೆ. ಮುಂದಿನ ಸುತ್ತಿನ ಔಷಧದ ನಂತರ ಮತ್ತೆ ಬರಬಹುದು. ಎಲ್ಲ ಔಷಧಗಳೂ ಒಂದೇ ಅಲ್ಲ. ಫೈವ್-ಫ್ಲೋರೋಯುರಾಸಿಲ್, ಮೆಥೋಟ್ರೆಕ್ಸೇಟ್, ಡಾಕ್ಸೋರುಬಿಸಿನ್‌ನಂಥವು ಬಾಯಿಯನ್ನು ಹೆಚ್ಚು ಕಾಡುತ್ತವೆ. ಸಾಮಾನ್ಯ ಕೀಮೋ ಪಡೆಯುವವರಲ್ಲಿ ನೂರಕ್ಕೆ 20ರಿಂದ 40 ಜನರಿಗೆ ಈ ತೊಂದರೆಯಾಗುತ್ತದೆ. ಬಾಯಿ, ಗಂಟಲಿನ ಭಾಗಕ್ಕೆ ವಿಕಿರಣ ಪಡೆಯುವವರಲ್ಲಿ ಹುಣ್ಣಾಗದವರೇ ಅಪರೂಪ. ಅವರಲ್ಲಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಕೆಂಪಾಗಲು ಆರಂಭವಾಗಿ, ಐದು–ಆರನೆಯ ವಾರದಲ್ಲಿ ಅತಿ ಹೆಚ್ಚಿರುತ್ತದೆ. ಚಿಕಿತ್ಸೆ ಮುಗಿದ ಮೇಲೂ ಮಾಯಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್‌ನಂಥ ಔಷಧವನ್ನೂ ಕೊಡುತ್ತಿದ್ದರೆ ಹುಣ್ಣು ಇನ್ನಷ್ಟು ತೀವ್ರ.

ಕನಕಪುರದ ಆ ತಾಯಿ ಚಿಕಿತ್ಸೆ ನಿಲ್ಲಿಸಿದ್ದು ನಾಲ್ಕನೆಯ ವಾರದಲ್ಲಿ. ಅಂದರೆ ಹುಣ್ಣು ಬರಬೇಕಾದ ಹೊತ್ತಿನಲ್ಲಿಯೇ ಬಂದಿತ್ತು. ಚಿಕಿತ್ಸೆ ಒಗ್ಗದಿರುವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ನಿಲ್ಲಿಸುವುದರಿಂದ ಆಗುವ ಹಾನಿ ಕಣ್ಣಿಗೆ ಕಾಣುವಂಥದಲ್ಲ, ಆದ್ದರಿಂದಲೇ ಅದನ್ನು ಬಿಡಿಸಿ ಹೇಳಬೇಕು. ವಿಕಿರಣವನ್ನು ವಾರಕ್ಕೆ ಐದು ದಿನದಂತೆ ಆರೇಳು ವಾರ ಹಂಚಿ ಕೊಡುವುದಕ್ಕೆ ಒಂದು ಲೆಕ್ಕವಿದೆ. ಪ್ರತಿದಿನದ ಪೆಟ್ಟಿನಿಂದ ಆರೋಗ್ಯವಂತ ಕೋಶಗಳು ರಾತ್ರಿ ಕಳೆಯುವಷ್ಟರಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೇತರಿಕೆ ಸಾಧ್ಯವಿಲ್ಲ. ನಡುವೆ ವಾರಗಟ್ಟಲೆ ಬಿಡುವು ಕೊಟ್ಟರೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಚಿಗುರುತ್ತವೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆಂದು ಹಲವು ಅಧ್ಯಯನಗಳ ಲೆಕ್ಕ. ಹತ್ತು ದಿನ ಮನೆಯಲ್ಲಿ ಕುಳಿತರೆ ಏನಾದೀತೆಂಬುದನ್ನು ಓದುಗರೇ ಊಹಿಸಬಹುದು. ವೈದ್ಯರೇ ನೋಡಿ, ಹುಣ್ಣು ಅತಿಯಾಗಿದೆಯೆಂದು ಎರಡು ಮೂರು ದಿನ ನಿಲ್ಲಿಸುವುದು ಬೇರೆ. ಅವರು ತಪ್ಪಿದ ದಿನಗಳನ್ನು ಸರಿದೂಗಿಸುವ ದಾರಿ ಬಲ್ಲರು. ನಾವಾಗಿ ನಿಲ್ಲಿಸುವುದು ಬೇರೆ.

ಹಾಗಾದರೆ ಮಾಡಬೇಕಾದುದೇನು? ಆರೈಕೆ ಆರಂಭವಾಗುವುದು ಹುಣ್ಣು ಬಂದ ಮೇಲಲ್ಲ, ಚಿಕಿತ್ಸೆಗೆ ಮೊದಲು, ಹಲ್ಲಿನಿಂದ. ಬಾಯಿ, ಗಂಟಲಿಗೆ ವಿಕಿರಣ ಆರಂಭಿಸುವ ಮುನ್ನ ದಂತವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಹುಳುಕು ಹಲ್ಲು, ಅಲುಗುವ ಹಲ್ಲು, ಕೀವು ತುಂಬಿದ ವಸಡು ಇದ್ದರೆ ಆಗಲೇ ಸರಿಪಡಿಸಿಕೊಳ್ಳಬೇಕು; ಕೀಳಬೇಕಾದ ಹಲ್ಲನ್ನು ವಿಕಿರಣಕ್ಕೆ ಸುಮಾರು ಎರಡು ವಾರ ಮೊದಲೇ ಕಿತ್ತು ಗಾಯ ಮಾಯಲು ಬಿಡಬೇಕು. ಚೂಪಾದ ಹಲ್ಲಿನಂಚು ತೆಳುವಾದ ಕೆನ್ನೆಗೆ ಉಜ್ಜಿ ಉಜ್ಜಿ ಹುಣ್ಣನ್ನು ಆಳವಾಗಿಸುತ್ತದೆ, ಅದನ್ನು ನಯಗೊಳಿಸುವುದು ಐದು ನಿಮಿಷದ ಕೆಲಸ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಈ ಸೇವೆಗಳಿಗೆ ತಗಲುವ ವೆಚ್ಚ ಅಲ್ಪ. ಚಿಕಿತ್ಸೆಯ ಆತುರದಲ್ಲಿ ಈ ಹೆಜ್ಜೆಯನ್ನು ದಾಟಿಹೋಗುವವರೇ ಹೆಚ್ಚು.

ಎಲೆ, ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಇವನ್ನು ಅಂದೇ ಬಿಡಬೇಕು. ಹೊಗೆಸೊಪ್ಪು ಹಾನಿಕರವೆಂದು ಎಲ್ಲರೂ ಬಲ್ಲರು. ಬರಿಯ ಎಲೆ ಅಡಿಕೆ ಹಾಕಿದರೆ ದೋಷವಿಲ್ಲವೆಂದು ನಮ್ಮ ಅನೇಕ ಹಿರಿಯರು ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಅಡಿಕೆಯನ್ನು, ಹೊಗೆಸೊಪ್ಪಿಲ್ಲದಿದ್ದರೂ, ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿದೆ. ಇದು ಅಡಿಕೆ ಬೆಳೆಗಾರರಿಗೆ ಇಷ್ಟವಾಗದ ಮಾತೆಂದು ಬಲ್ಲೆ. ಆದರೆ ಹುಣ್ಣಾದ ಬಾಯಿಗೆ ಸುಣ್ಣವೂ ಅಡಿಕೆಯ ಚೂರೂ ತಾಗಿದರೆ ಆಗುವುದೇನೆಂಬುದಕ್ಕೆ ಯಾವ ಸಂಸ್ಥೆಯ ಸಾಕ್ಷಿಯೂ ಬೇಡ.

ಇನ್ನು ದಿನನಿತ್ಯದ ಕೆಲಸ, ಬಾಯಿ ಮುಕ್ಕಳಿಸುವುದು. ಇಷ್ಟು ಸುಲಭವಾದುದು, ಇಷ್ಟು ಅಗ್ಗವಾದುದು, ಇಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಬೇರೊಂದಿಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಕದಡಿ ಮುಚ್ಚಿಡಿ. ಊಟ ತಿಂಡಿಯಾದ ಪ್ರತಿ ಸಲವೂ, ಮಲಗುವ ಮುನ್ನವೂ, ಎಚ್ಚರವಿರುವಷ್ಟು ಹೊತ್ತು ಎರಡು ಮೂರು ಗಂಟೆಗೊಮ್ಮೆಯೂ ಇದರಿಂದ ಬಾಯಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಉಳಿದುದನ್ನು ಮಾರನೆಯ ದಿನ ಚೆಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು. ಉಪ್ಪು ಹೆಚ್ಚು ಹಾಕಿದರೆ ಗುಣ ಹೆಚ್ಚೆಂದು ಒಂದು ಹಿಡಿ ಸುರಿಯುವವರಿದ್ದಾರೆ, ಅದು ಉರಿಯನ್ನೇ ಹೆಚ್ಚಿಸುತ್ತದೆ. ಈ ನೀರು ಹುಣ್ಣನ್ನು ಮಾಯಿಸುವ ಔಷಧವೇನೂ ಅಲ್ಲ. ಆಹಾರದ ಕಣ, ಅಂಟಾದ ಜೊಲ್ಲು, ಸತ್ತ ಪೊರೆಗಳನ್ನು ತೊಳೆದು, ಬಾಯಿಯ ಹುಳಿಯನ್ನು ತಗ್ಗಿಸಿ, ಹುಣ್ಣು ಕೊಳೆಯದಂತೆ ಕಾಯುತ್ತದೆ. ಮಾಯುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಬಣ್ಣ ಬಣ್ಣದ ಮೌತ್‌ವಾಶ್‌ಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಬೆರೆತಿರುತ್ತದೆ. ಅದು ಹುಣ್ಣಿನ ಬಾಯಿಯನ್ನು ಒಣಗಿಸಿ ಉರಿಸುತ್ತದೆ, ಬೇಡ. ಹಲ್ಲುಜ್ಜುವುದನ್ನು ನೋವಿನ ನೆಪದಲ್ಲಿ ಬಿಡಬಾರದು. ಅತಿ ಮೃದುವಾದ, ಮಕ್ಕಳ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಂಡು, ಖಾರವಿಲ್ಲದ ಪೇಸ್ಟಿನಿಂದ ಮೆಲ್ಲನೆ ಉಜ್ಜಬೇಕು. ಇದ್ದಿಲು, ಉಪ್ಪಿನ ಹರಳು, ಬೇವಿನ ಕಡ್ಡಿ ಇವಕ್ಕೆ ಇದು ಕಾಲವಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಊಟದ ಹೊತ್ತಿಗಷ್ಟೇ ಹಾಕಿಕೊಳ್ಳಿ, ಹುಣ್ಣು ಹೆಚ್ಚಾದರೆ ತೆಗೆದೇ ಇಡಿ.

ಆಹಾರದ ಮಾತಿಗೆ ಬಂದರೆ, ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಊಟವೆಂದರೆ ರಾಗಿಮುದ್ದೆ. “ಮುದ್ದೆ ಅಗಿಯುವುದಲ್ಲ, ನುಂಗುವುದು, ಹುಣ್ಣಿಗೆ ಅದೇ ಒಳ್ಳೆಯದಲ್ಲವೇ?” ಎಂದು ಕೇಳುವವರು ಬಹಳ. ಬಾಯಿ ಬರಿದೆ ಕೆಂಪಾಗಿರುವ ಹಂತದಲ್ಲಿ ಇದು ಸರಿ. ಮುದ್ದೆಯನ್ನು ಎಂದಿಗಿಂತ ಮೆತ್ತಗೆ ತೊಳಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ, ಖಾರ ಹುಳಿಯಿಲ್ಲದ ಬೇಳೆಯ ಸಾರಿನಲ್ಲೋ ಹಾಲಿನಲ್ಲೋ ಚೆನ್ನಾಗಿ ನೆನೆಸಿ ಸಣ್ಣ ತುತ್ತಾಗಿ ನುಂಗಬಹುದು. ಆದರೆ ವಿಕಿರಣದಿಂದ ಜೊಲ್ಲಿನ ಗ್ರಂಥಿಗಳು ಸೊರಗಿದಾಗ ಮುದ್ದೆ ಗಂಟಲಿಗೆ ಅಂಟಿ ನಿಲ್ಲುತ್ತದೆ. ಆಗ ಹಟ ಮಾಡದೆ ರಾಗಿಯನ್ನೇ ರೂಪ ಬದಲಿಸಿ ಕೊಡಬೇಕು. ಮೊಳಕೆ ಕಟ್ಟಿ ಒಣಗಿಸಿ ಬೀಸಿ ಸೋಸಿದ ಹಿಟ್ಟಿನಿಂದ ಎಳೆಮಕ್ಕಳಿಗೆ ಮಾಡುವ ರಾಗಿ ಸರಿ ಇಲ್ಲಿ ಬಹಳ ಉಪಕಾರಿ. ಹಾಲು, ತುಪ್ಪ, ಸ್ವಲ್ಪ ಬೆಲ್ಲ ಸೇರಿಸಿದರೆ ಒಂದು ಲೋಟದಲ್ಲಿ ಒಂದು ಸಣ್ಣ ಊಟದಷ್ಟು ಸತ್ವ ಇಳಿಯುತ್ತದೆ. ಮಜ್ಜಿಗೆ ಬೆರೆಸಿದ ಹುಳಿ ಅಂಬಲಿ ಮಾತ್ರ ಹಲವರಿಗೆ ಉರಿ ತರುತ್ತದೆ.

ಉಪ್ಪುಸಾರು, ಬಸ್ಸಾರಿನ ನಾಡಿನಲ್ಲಿ ರೋಗಿಗೆ ‘ಬೇಳೆ ಕಟ್ಟು’ ಕೊಡುವ ವಾಡಿಕೆಯಿದೆ. ಬಸಿದ ಆ ತಿಳಿನೀರಿನಲ್ಲಿ ರುಚಿಯುಂಟು, ಪ್ರೋಟೀನು ಬಹಳ ಕಡಿಮೆ. ಸತ್ವವೆಲ್ಲ ಕೆಳಗುಳಿದ ಬೇಳೆಯಲ್ಲಿ. ಅದನ್ನೇ ನುಣ್ಣಗೆ ಕಡೆದು ಸೋಸಿ ಕೊಡಬೇಕು. ಹೀಗೆ ಒತ್ತಿ ಹೇಳಲು ಕಾರಣವಿದೆ. ಚಿಕಿತ್ಸೆಯಲ್ಲಿರುವ 50 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನು ಬೇಕು. ಅರ್ಧ ಲೀಟರ್ ಹಾಲಿನಿಂದ ಸುಮಾರು 16 ಗ್ರಾಂ, ನೂರು ಗ್ರಾಂ ಹೆಸರುಬೇಳೆಯಿಂದ 20 ಗ್ರಾಮಿಗಿಂತ ಸ್ವಲ್ಪ ಹೆಚ್ಚು ದೊರೆಯುತ್ತದೆ. ಶಾಕಾಹಾರಿಗಳ ಮನೆಯಲ್ಲಿ ಗಂಜಿ, ಎಳನೀರು, ಹಣ್ಣಿನ ರಸಗಳಲ್ಲೇ ದಿನ ಕಳೆದರೆ ಈ ಲೆಕ್ಕ ಅರ್ಧಕ್ಕೂ ಮುಟ್ಟುವುದಿಲ್ಲ. ಹೆಸರುಬೇಳೆ ಪಾಯಸ, ಹುರಿದು ನುಣ್ಣಗೆ ಅರೆದ ಕಡಲೆಕಾಯಿಬೀಜವನ್ನು ಹಾಲಿನಲ್ಲಿ ಕದಡಿದ್ದು, ಮೆತ್ತಗೆ ಬೆಂದ ಪೊಂಗಲು, ಕಾಯಿಸಿದ ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು, ಸಬ್ಬಕ್ಕಿ ಪಾಯಸ, ಹೊಸದಾಗಿ ಹೆಪ್ಪಾದ ಸಿಹಿ ಮೊಸರಿನ ಅನ್ನ ಇವು ಕೈಗೆಟಕುವಂಥವು. ಸಕ್ಕರೆ ಕಾಯಿಲೆಯಿರುವವರು ಬೆಲ್ಲ ಸಕ್ಕರೆಗಳ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು. ಹುಣಸೆ, ನಿಂಬೆ, ಟೊಮ್ಯಾಟೊ, ಉಪ್ಪಿನಕಾಯಿ, ಹಸಿಮೆಣಸು, ಕೋಡುಬಳೆ, ಚಕ್ಕುಲಿ, ಒಣ ರೊಟ್ಟಿ, ಸುಡುವ ಕಾಫಿ ಇವನ್ನು ಬಾಯಿ ಮಾಯುವವರೆಗೆ ದೂರವಿಡಬೇಕು. ಮೂರು ಊಟದ ಬದಲು ಎರಡು ಗಂಟೆಗೊಮ್ಮೆ ಒಂದೊಂದು ಲೋಟ.

ನೇಮನಿಷ್ಠೆಯ ಹಿರಿಯರು ಸೋಮವಾರದ ಉಪವಾಸ, ಶ್ರಾವಣದ ಒಪ್ಪೊತ್ತುಗಳನ್ನು ಚಿಕಿತ್ಸೆಯ ನಡುವೆಯೂ ಬಿಡಲೊಲ್ಲರು. ಮನೆಯವರ ಮಾತು ಕೇಳದಿದ್ದರೆ, ಅವರು ಗೌರವಿಸುವ ಗುರುಗಳಿಂದಲೇ ಒಂದು ಮಾತು ಹೇಳಿಸುವುದು ಫಲಕಾರಿಯೆಂದು ನನ್ನ ಅನುಭವ. ಕಾಯಕಕ್ಕೂ ಪೂಜೆಗೂ ದೇಹ ಬೇಕೆಂಬುದನ್ನು ಅಲ್ಲಗಳೆಯುವ ಗುರುಗಳನ್ನು ನಾನು ಕಂಡಿಲ್ಲ.

ಹುಣ್ಣಿನ ತೀವ್ರತೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು ಸೊನ್ನೆಯಿಂದ ನಾಲ್ಕರವರೆಗಿನ ಒಂದು ಮಾಪನವನ್ನು ಮಾಡಿಕೊಟ್ಟಿದೆ. ನಮ್ಮ ಮನೆಯ ಮಾತಿನಲ್ಲಿ ಅದನ್ನು ಹೀಗೆ ಹೇಳಬಹುದು. ಬಾಯಿ ಕೆಂಪಾಗಿ ಉರಿಯುತ್ತಿದೆ, ಆದರೆ ಎಂದಿನ ಊಟ ಇಳಿಯುತ್ತದೆ: ಇದು ಒಂದನೆಯ ಹಂತ. ಹುಣ್ಣಾಗಿದೆ, ಮೆತ್ತಗಿನ ಮುದ್ದೆಯೋ ಅನ್ನವೋ ಇನ್ನೂ ಇಳಿಯುತ್ತದೆ: ಎರಡನೆಯದು. ಗಂಜಿ ಹಾಲು ಬಿಟ್ಟು ಬೇರೇನೂ ಇಳಿಯದು: ಮೂರನೆಯದು. ನೀರೂ ಇಳಿಯದು: ನಾಲ್ಕನೆಯದು. ಎರಡನೆಯ ಹಂತಕ್ಕೆ ಬಂದೊಡನೆ ಆಸ್ಪತ್ರೆಯಲ್ಲಿ ಹೇಳಬೇಕು. ಮೂರನೆಯದಕ್ಕೆ ಬಂದರೆ ಆ ದಿನವೇ ವೈದ್ಯರು ನೋಡಬೇಕು. ನಾಲ್ಕನೆಯದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. “ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ” ಎಂಬುದಕ್ಕಿಂತ “ಮೊನ್ನೆಯವರೆಗೆ ಮುದ್ದೆ ಇಳೀತಿತ್ತು, ಈಗ ಗಂಜಿ ಮಾತ್ರ” ಎಂದರೆ ವೈದ್ಯರಿಗೆ ಒಮ್ಮೆಗೇ ತಿಳಿಯುತ್ತದೆ.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ಇಳಿದರೆ ನಿಶ್ಶಕ್ತಿಯಾಗುವುದಷ್ಟೇ ಅಲ್ಲ. ವಿಕಿರಣದ ಗುರಿ ತಪ್ಪದಿರಲೆಂದು ಮುಖಕ್ಕೆ ಅಳತೆಯಾಗಿ ಮಾಡಿದ ಪ್ಲಾಸ್ಟಿಕ್ ಕವಚವೂ ಸಡಿಲವಾಗಿ, ಅದನ್ನು ಮತ್ತೆ ಮಾಡಬೇಕಾಗುತ್ತದೆ. ತೂಕ ತೀರ ಇಳಿಯುತ್ತಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ನಳಿಕೆ ಇಳಿಸಿ ಆಹಾರ ಕೊಡುವ ಸಲಹೆಯನ್ನು ವೈದ್ಯರು ನೀಡಬಹುದು. ‘ನಳಿಕೆ ಹಾಕಿದರೆಂದರೆ ಮುಗಿಯಿತು’ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಇಲ್ಲಿ ಅದು ಕೆಲವು ವಾರಗಳ ಏರ್ಪಾಡು. ಬಾಯಿ ಮಾಯ್ದು ನುಂಗಲು ಬಂದೊಡನೆ ತೆಗೆಯುತ್ತಾರೆ.

ನೋವಿಗೆ ಔಷಧವಿದೆಯೆಂಬುದೇ ಎಷ್ಟೋ ಜನಕ್ಕೆ ತಿಳಿಯದು. ಊಟಕ್ಕೆ ಸ್ವಲ್ಪ ಮೊದಲು ಬಾಯಿಯನ್ನು ಮರಗಟ್ಟಿಸುವ ಲಿಗ್ನೋಕೇನ್ ದ್ರವ, ಉರಿಯೂತ ತಗ್ಗಿಸುವ ಬೆಂಜಿಡಮಿನ್ ದ್ರಾವಣ, ಮಾತ್ರೆ ನುಂಗಲಾಗದವರಿಗೆ ಕರಗಿಸಿ ಕುಡಿಯುವ ನೋವುನಿವಾರಕಗಳು ಇವೆ. ಗಂಟಲು ಮರಗಟ್ಟಿದ್ದಾಗ ಆತುರದಿಂದ ನುಂಗಿದರೆ ನೆತ್ತಿಗೇರುವ ಅಪಾಯವಿದೆ, ನಿಧಾನ ಬೇಕು. ನೋವು ತೀವ್ರವಾಗಿದ್ದರೆ ವೈದ್ಯರು ಮಾರ್ಫಿನ್ ಕೊಡುತ್ತಾರೆ. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ವೈದ್ಯರ ಲೆಕ್ಕದಲ್ಲಿ ನೋವಿಗೆಂದು ತೆಗೆದುಕೊಂಡ ಮಾರ್ಫಿನ್ ಚಟವಾಗುವುದು ವಿರಳ. ಹುಣ್ಣು ಮಾಯ್ದಂತೆ ಅವರೇ ಅದನ್ನು ಇಳಿಸಿ ನಿಲ್ಲಿಸುತ್ತಾರೆ. ರೋಗಿಗಳಿಗೆ ಇದು ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿ ತರಲಾಯಿತು. ಬೇರೆ ಎರಡು ಉಪಾಯಗಳನ್ನೂ ಕೇಳಿ ತಿಳಿಯಬಹುದು. ಫೈವ್-ಫ್ಲೋರೋಯುರಾಸಿಲ್ ಔಷಧವನ್ನು ಒಮ್ಮೆಗೇ ಚುಚ್ಚಿ ಕೊಡುವಾಗ, ಐದು ನಿಮಿಷ ಮೊದಲಿನಿಂದ ಅರ್ಧ ಗಂಟೆ ಕಾಲ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ರಕ್ತನಾಳಗಳು ಕುಗ್ಗಿ ಬಾಯಿಗೆ ತಲಪುವ ಔಷಧ ಕಡಿಮೆಯಾಗುತ್ತದೆ, ಹುಣ್ಣೂ ಕಡಿಮೆ. ಆಕ್ಸಾಲಿಪ್ಲಾಟಿನ್ ಪಡೆಯುವವರು ಮಾತ್ರ ತಣ್ಣನೆಯದನ್ನು ಮುಟ್ಟಬಾರದು. ಇನ್ನೊಂದು, ಮಂದ ಲೇಸರ್ ಬೆಳಕನ್ನು ಬಾಯೊಳಗೆ ಹಾಯಿಸುವ ಚಿಕಿತ್ಸೆ. ಈ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಹುಣ್ಣು ಬರುವ ಮೊದಲೇ ಕೇಳಬೇಕು.

ಮನೆಮದ್ದಿನ ವಿಚಾರ. ಬಾಯಿಹುಣ್ಣೆಂದರೆ ‘ಉಷ್ಣ’ ಎಂಬುದು ನಮ್ಮ ಹಳೆಯ ತಿಳುವಳಿಕೆ. ಸಾಧಾರಣ ಬಾಯಿಹುಣ್ಣಿಗೆ ಕೊಬ್ಬರಿ ಅಗಿಯುವುದು, ತುಪ್ಪ ಸವರುವುದು ಸರಿಯೇ. ತುಟಿ ಒಡೆದಾಗ ತುಪ್ಪ ಈಗಲೂ ಒಳ್ಳೆಯದು. ಆದರೆ ಚಿಕಿತ್ಸೆಯ ಹುಣ್ಣಿಗೆ ಪಟಿಕ, ಗ್ಲಿಸರಿನ್, ಕೊಬ್ಬರಿಯ ಗಟ್ಟಿ ಚೂರು ಇವು ಒಣಗಿಸುತ್ತವೆ, ಇಲ್ಲವೆ ಗೀರುತ್ತವೆ. ಜೇನಿಗೆ ಮಾತ್ರ ವಿಜ್ಞಾನದ ಬೆಂಬಲ ಸಾಕಷ್ಟಿದೆ. ತಲೆ, ಕುತ್ತಿಗೆಗೆ ವಿಕಿರಣ ಪಡೆಯುವವರಲ್ಲಿ ಹುಣ್ಣು ತಡೆಯಲು ಜೇನನ್ನು ಬಳಸಬಹುದೆಂದು 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ಸೂಚಿಸಿದೆ. ಆದರೂ ಸಕ್ಕರೆ ಕಾಯಿಲೆ ಇರುವವರು, ಬಿಳಿ ರಕ್ತಕಣ ಕುಗ್ಗಿರುವವರು ವೈದ್ಯರನ್ನು ಕೇಳದೆ ಬಳಸಕೂಡದು. ಬಳಸುವವರು ಆಮೇಲೆ ಬಾಯಿ ತೊಳೆಯಬೇಕು, ಹಲ್ಲು ಹುಳುಕಾದೀತು.

ಎಲ್ಲಕ್ಕಿಂತ ಸಾಮಾನ್ಯವಾದ, ನಿರಪಾಯವೆಂದು ತೋರುವ ತಪ್ಪೊಂದಿದೆ. ಬಾಯಿಹುಣ್ಣೆಂದೊಡನೆ ಔಷಧದಂಗಡಿಗೆ ಹೋಗಿ ಬಿ-ಕಾಂಪ್ಲೆಕ್ಸ್ ಮಾತ್ರೆ ತರುವುದು. ಅವುಗಳಲ್ಲಿ ಹಲವಕ್ಕೆ ಫೋಲಿಕ್ ಆಮ್ಲ ಸೇರಿರುತ್ತದೆ. ಫೈವ್-ಫ್ಲೋರೋಯುರಾಸಿಲ್ ಅಥವಾ ಅದರ ಮಾತ್ರೆ ರೂಪವಾದ ಕ್ಯಾಪಿಸಿಟಬಿನ್ ತೆಗೆದುಕೊಳ್ಳುವವರಲ್ಲಿ ಫೋಲಿಕ್ ಆಮ್ಲವು ಔಷಧದ ವಿಷಪರಿಣಾಮವನ್ನು ಹೆಚ್ಚಿಸಬಲ್ಲದು. ಹುಣ್ಣಿಗೆಂದು ತಂದ ಮಾತ್ರೆ ಹುಣ್ಣನ್ನೇ ಬೆಳೆಸುತ್ತದೆ. ಮೆಥೋಟ್ರೆಕ್ಸೇಟ್ ಪಡೆಯುವವರಿಗೆ ಅಂಗಡಿಯ ಸಾಧಾರಣ ನೋವಿನ ಮಾತ್ರೆಗಳೂ ಅಪಾಯಕಾರಿ. ಚಿಕಿತ್ಸೆಯ ಕಾಲದಲ್ಲಿ ಯಾವ ಮಾತ್ರೆಯನ್ನಾಗಲಿ ಕಷಾಯವನ್ನಾಗಲಿ ಕೇಳದೆ ಕೊಡಬೇಡಿ.

ಕೆಲವು ಚಿಹ್ನೆಗಳಿಗೆ ಕಾಯುವುದೇ ಅಪಾಯ. ಕೀಮೋ ಪಡೆಯುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯಾದರೂ, ಹೊರಡಬೇಕು. ಹುಣ್ಣು ಬರುವ ಎರಡನೆಯ ವಾರದಲ್ಲಿಯೇ ಬಿಳಿ ರಕ್ತಕಣಗಳೂ ತಳ ಮುಟ್ಟಿರುತ್ತವೆ. ಹರಿದ ಪೊರೆಯ ಮೂಲಕ ಬಾಯಿಯ ರೋಗಾಣುಗಳು ನೇರವಾಗಿ ರಕ್ತಕ್ಕೆ ಸೇರುತ್ತವೆ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುವ ಸ್ಥಿತಿಯಿದು. ಮಾಗಡಿಯ ಕಡೆಯ ಒಂದು ಮನೆಯಲ್ಲಿ ಸಂಜೆ ಬಂದ ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು, ಇಳಿಯಿತೆಂದು ನಿಶ್ಚಿಂತರಾಗಿ ಬೆಳಗಿನ ಬಸ್ಸಿಗೆ ಕಾದಿದ್ದರು. ಆ ಹೆಣ್ಣುಮಗಳು ಬದುಕಿದರು, ಆದರೆ ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಕಳೆದ ಮೇಲೆ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಮಾತ್ರೆ ನುಂಗಿಸುವ ಮೊದಲು ಜ್ವರ ಅಳೆಯಿರಿ. ಬೆಂಗಳೂರು ದೂರವೆನಿಸಿದರೆ 108 ಆಂಬುಲೆನ್ಸ್ ಕರೆದು ರಾಮನಗರದ ಜಿಲ್ಲಾಸ್ಪತ್ರೆಗೋ ನಿಮ್ಮ ತಾಲ್ಲೂಕು ಆಸ್ಪತ್ರೆಗೋ ಮೊದಲು ಹೋಗಿ, “ಕೀಮೋ ಆಗಿ ಇಷ್ಟು ದಿನವಾಯಿತು” ಎಂಬುದನ್ನು ಮೊದಲ ಮಾತಾಗಿ ಹೇಳಿ. ನಿಲ್ಲದ ರಕ್ತಸ್ರಾವ, ನೀರೂ ಇಳಿಯದಿರುವುದು, ದಿನವಿಡೀ ಮೂತ್ರ ಬಾರದಿರುವುದು, ಉಸಿರಾಟಕ್ಕೆ ಅಡ್ಡಿ ಇವೂ ಅಂಥವೇ. ಮೊಸರು ಸವರಿದಂತೆ ಬಿಳಿ ಚುಕ್ಕೆಗಳು ಕಂಡು ಉರಿ ಹೆಚ್ಚಾದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ತುರ್ತಲ್ಲ, ಆದರೆ ಔಷಧ ಬೇಕು.

ಇಷ್ಟೆಲ್ಲ ತಿಳಿದೂ ಚಿಕಿತ್ಸೆ ತಪ್ಪುವುದು ಎಷ್ಟೋ ವೇಳೆ ಹುಣ್ಣಿಗಿಂತ ದಾರಿಯಿಂದ. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲುಂಟು. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಬಾಯಿ ಹುಣ್ಣಾದ ಮನುಷ್ಯ ಆರು ವಾರ ದಿನವೂ ಬೆಂಗಳೂರಿಗೆ ಹೋಗಿ ಬರುವುದು, ರೇಷ್ಮೆ ನೂಲು ತೆಗೆಯುವ ಘಟಕದಲ್ಲೋ ಬೊಂಬೆ ಕಡೆಯುವ ಕಾರ್ಖಾನೆಯಲ್ಲೋ ದಿನಗೂಲಿಗಿರುವ ಮಗ ಜೊತೆಗೆ ಹೋಗುವುದು ಸುಲಭವೇ? 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ರೋಗಿಗಳೂ ಅವರ ಜೊತೆಗಾರರೂ ಉಳಿಯಲು ಧರ್ಮಶಾಲೆಯಿದೆ. ಚಿಕಿತ್ಸೆಯ ಮಧ್ಯದ, ಹುಣ್ಣು ಹೆಚ್ಚುವ ಮೂರು ವಾರಗಳಿಗಾದರೂ ಅಂಥ ಕಡೆ ತಂಗಲು ಮೊದಲೇ ವಿಚಾರಿಸಿಡುವುದು ಒಳ್ಳೆಯದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ವಿವರಗಳಿಗೆ 104 ಸಹಾಯವಾಣಿಗೆ ಕರೆ ಮಾಡಬಹುದು.

ಕನಕಪುರದ ತಾಯಿಯ ವಿಷಯ ಅರ್ಧಕ್ಕೆ ನಿಂತಿತ್ತು. ಅಂದೇ ಮಧ್ಯಾಹ್ನ ಮಗ ಅವರನ್ನು ಬೆಂಗಳೂರಿಗೆ ಕರೆದೊಯ್ದ. ಐದು ದಿನ ಒಳರೋಗಿಯಾಗಿದ್ದು, ನೋವಿಗೆ ಔಷಧ ಪಡೆದು, ಮೂಗಿನ ನಳಿಕೆಯಲ್ಲಿ ಆಹಾರ ತೆಗೆದುಕೊಂಡು ಉಳಿದ ಹನ್ನೆರಡು ದಿನಗಳ ವಿಕಿರಣವನ್ನು ಪೂರೈಸಿದರು. ಎರಡು ತಿಂಗಳ ಬಳಿಕ ನನ್ನಲ್ಲಿಗೆ ಬಂದಾಗ ಸೆರಗು ಬಾಯಿಯ ಮೇಲಿರಲಿಲ್ಲ. ಮುದ್ದೆ ಇಳಿಯುತ್ತಿದೆ, ಖಾರ ಮಾತ್ರ ಇನ್ನೂ ಆಗದು, ಬಾಯಿ ಒಣಗುತ್ತದೆಂದು ಯಾವಾಗಲೂ ನೀರಿನ ಬಾಟಲಿ ಜೊತೆಯಲ್ಲಿರುತ್ತದೆ ಎಂದರು. ಹಿಂದಿನ ಒಂದು ಹಲ್ಲು ನೋಯುತ್ತಿದೆ, ಊರಿನಲ್ಲೇ ಕೀಳಿಸಿಬಿಡಲೇ ಎಂದು ಕೇಳಿದರು. ಬೇಡವೆಂದೆ. ವಿಕಿರಣ ತಾಗಿದ ದವಡೆಯ ಮೂಳೆಗೆ ಮಾಯುವ ಶಕ್ತಿ ಕಡಿಮೆ, ಅಲ್ಲಿ ಹಲ್ಲು ಕಿತ್ತ ಗಾಯ ವರ್ಷಗಳ ನಂತರವೂ ಮಾಯದೆ ಮೂಳೆ ಕೊಳೆಯಬಹುದು. ವಿಕಿರಣ ಕೊಟ್ಟ ವೈದ್ಯರನ್ನು ಕೇಳದೆ ಯಾರೂ ಆ ಹಲ್ಲನ್ನು ಮುಟ್ಟಕೂಡದೆಂದು ಅವರ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಮಗನ ಕೈಗೆ ಕೊಟ್ಟೆ.